ಒಂದು ಸಾಲು ಹುಡುಕಿದ ಆಪರೇಟರಮ್ಮ

ಅವರ ತಲೆಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಬೆರಳಗಲದ ಪಟ್ಟಿಯಷ್ಟು ಜಾಗದಲ್ಲಿ ಕೂದಲು ತೆಳ್ಳಗಾಗಿತ್ತು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಆ ಗೆರೆ ಮುಚ್ಚುತ್ತಿರಲಿಲ್ಲ. ಪ್ರಾಯದಲ್ಲಿ ದಿನಕ್ಕೆ ಎಂಟು ತಾಸು ಟೆಲಿಫೋನ್ ಎಕ್ಸ್‌ಚೇಂಜಿನ ಹೆಡ್‌ಫೋನು ಕೂತಿದ್ದ ಜಾಗ ಅದು. ಮೊದಲು ಸಿದ್ದಾಪುರ, ಆಮೇಲೆ ಯಲ್ಲಾಪುರ, ಕೊನೆಗೆ ಶಿರಸಿ. ಕೈಯಿಂದ ಲೈನು ಜೋಡಿಸುವ ಕಾಲ ಮುಗಿದ ಮೇಲೆ ಅವರನ್ನು ಯಂತ್ರಗಳ ಕೋಣೆಗೆ ಹಾಕಿದರು. ಅಲ್ಲಿ ಕೆಟ್ಟ ಲೈನುಗಳ ದಾಖಲೆ ನೋಡಿಕೊಳ್ಳುತ್ತ ನಿವೃತ್ತರಾದರು. ಮನೆಯಲ್ಲಿ ಕೂರಲಾಗದೆ ಶಿರಸಿಯ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಫೋನು ಎತ್ತುವ ಕೆಲಸಕ್ಕೆ ಬಂದರು. ನಾವು ನಾಲ್ಕೂ ಜನ ಅವರನ್ನು ಆಪರೇಟರಮ್ಮ ಎಂದೇ ಕರೆದೆವು.

ನಾನು ಬನವಾಸಿ ಕಡೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನಮ್ಮ ಆಫೀಸಿಗೆ ಒಂದೇ ದೊಡ್ಡ ಕೆಲಸ. ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಎಷ್ಟಿದೆ ಎಂದು ಸುತ್ತಿನ ಮೂರು ತಾಲೂಕುಗಳ ಸಣ್ಣಪುಟ್ಟ ಆಸ್ಪತ್ರೆಯವರು ಮೊಬೈಲಿನಲ್ಲಿ ನಮೂದಿಸಬೇಕು. ಯಾರಾದರೂ ಫೋನು ಮಾಡಿದರೆ ಒಂದು ಸೇವಾ ಸಂಸ್ಥೆಯವರು ಅದನ್ನು ನೋಡಿ ಹತ್ತಿರದ ಆಸ್ಪತ್ರೆಗೆ ಕಳಿಸಬೇಕು. ಆ ಪ್ರೋಗ್ರಾಂ ಬರೆದವಳು ನಾನು.

ಆಪರೇಟರಮ್ಮನಿಗೆ ಎಲ್ಲದಕ್ಕೂ ಒಂದೇ ಪ್ರಶ್ನೆ: “ಅದೆಂತಕ್ಕೆ ಹಾಗೆ?” ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಊಟದ ಹೊತ್ತಿಗೆ ನನ್ನ ಡಬ್ಬಿಯ ರೊಟ್ಟಿಗೆ ಕೈಹಾಕುತ್ತ, ಪರದೆಯ ಮೇಲೆ ಸರಿಯುವ ಸಾಲುಗಳನ್ನು ತೋರಿಸಿ ಕೇಳುತ್ತಿದ್ದರು. ಒಂದು ದಿನ ಕಂಟೇನರ್ ಎಂದರೇನು ಎಂದು ಕೇಳಿದರು. ಒಂದೊಂದು ಕೆಲಸದ ಪ್ರೋಗ್ರಾಮನ್ನೂ ಬೇರೆಬೇರೆಯಾಗಿ ಅದರದರ ಸಾಮಾನಿನ ಜೊತೆ ಮುಚ್ಚಿಟ್ಟು ನಡೆಸುತ್ತೇವೆ, ಕೆಟ್ಟರೆ ದುರಸ್ತಿ ಮಾಡುವುದಿಲ್ಲ, ತೆಗೆದೆಸೆದು ಅಂಥದ್ದೇ ಹೊಸದನ್ನು ಎಬ್ಬಿಸುತ್ತೇವೆ ಎಂದು ಹೇಳಿದೆ.

“ಹಳೇದು ಸಾಯೋ ಮೊದಲು ಎಂತ ಹೇಳ್ತು?”

“ಅದು ಏನೇನು ಮಾಡ್ತೋ ಎಲ್ಲಾ ಲಾಗ್ ಬರೀತದ್ರಿ ಅಮ್ಮಾ. ಆದ್ರ ಆ ಲಾಗು ಅದರ ಜೋಡೀನ ಇರ್ತದ. ಅದನ್ನ ತೆಗೆದ್ರ ಲಾಗೂ ಹೋತು.”

“ಅದೆಂತಕ್ಕೆ ಹಾಗೆ?”

ಜಾಗ ಉಳಿಯಲಿ ಎಂದು ನಾನೇ ಹಾಗೆ ಮಾಡಿದ್ದೆ. ಸತ್ತ ಕಂಟೇನರುಗಳನ್ನು ಆಗಿಂದಾಗ ಗುಡಿಸಿ ಹಾಕುವ ಏರ್ಪಾಡು ನನ್ನದೇ. ನಕ್ಕು ಮಾತು ತೇಲಿಸಿದೆ. ಅವರು ನಗಲಿಲ್ಲ. ಸಿದ್ದಾಪುರದ ಎಕ್ಸ್‌ಚೇಂಜಿಗೆ ಒಮ್ಮೆ ಸಿಡಿಲು ಬಡಿದು ರಿಜಿಸ್ಟರೆಲ್ಲ ಸುಟ್ಟಿತಂತೆ. ಆದರೂ ಯಾವ ಲೈನು ಯಾವಾಗ ಕೆಟ್ಟಿತ್ತೆಂದು ಮಾರನೇ ದಿನವೇ ಗೊತ್ತಾಯಿತಂತೆ. ಏಕೆಂದರೆ ಇವರು ಪ್ರತಿದಿನ ಸಂಜೆ ಆ ಪಟ್ಟಿಯನ್ನು ಶಿರಸಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದರು, ಅಲ್ಲಿಯವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. “ನಮ್ಮನೆ ಸುದ್ದಿ ಇನ್ನೊಬ್ರ ಮನೇಲೂ ಬರೆದಿರಬೇಕು ಮಾರಾಯ್ತಿ,” ಎಂದರು. ಚಂದದ ಹಳೇ ಕಥೆ ಎಂದುಕೊಂಡು ನಾನು ಕೈತೊಳೆಯಲು ಎದ್ದೆ.

ಅದಾಗಿ ಎರಡು ತಿಂಗಳಿಗೆ ಒಂದು ಮಧ್ಯಾಹ್ನ ಮಂಚಿಕೇರಿ ಹತ್ತಿರ ಗದ್ದೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸಿಗೆ ಕೊಳಕುಮಂಡಲ ಹಾವು ಕಚ್ಚಿತು. ಮನೆಯವರು ಸಂಸ್ಥೆಗೆ ಫೋನು ಮಾಡಿದರು. ನಮ್ಮ ಪರದೆ ಯಲ್ಲಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಂಟು ಬಾಟಲಿ ಇದೆ ಎಂದಿತು. ಅಲ್ಲಿಗೆ ಹೋದರೆ ಒಂದೂ ಇರಲಿಲ್ಲ. ಜೀಪು ತಿರುಗಿಸಿ, ಬಂದ ದಾರಿಯಲ್ಲೇ ಮಂಚಿಕೇರಿ ದಾಟಿ, ಶಿರಸಿಗೆ ಬರುವಷ್ಟರಲ್ಲಿ ಕಾಲು ತೊಡೆಯವರೆಗೆ ಬಾತಿತ್ತು. ಜೀವ ಉಳಿಯಿತು. ಎಡಗಾಲಿನ ಎರಡು ಬೆರಳು ಹೋದವು.

ಯಲ್ಲಾಪುರದ ಆ ಆಸ್ಪತ್ರೆಯಲ್ಲಿ ಲೆಕ್ಕ ನಮೂದಿಸುವ ಕೆಲಸ ಒಬ್ಬ ನರ್ಸಿನದು. ಆಕೆ ಹೇಳಿದ್ದು: ಕೊನೆಯ ಎಂಟು ಬಾಟಲಿ ಹಿಂದಿನ ದಿನ ಖರ್ಚಾದವು, ಅವತ್ತು ಬೆಳಿಗ್ಗೆಯೇ ಒಂಬತ್ತರ ಸುಮಾರಿಗೆ ಸೊನ್ನೆ ಎಂದು ನಮೂದಿಸಿದ್ದೇನೆ, ಮೊಬೈಲಿನಲ್ಲಿ ಹಸಿರು ಗುರುತೂ ಬಂತು. ಸಂಸ್ಥೆಯವರು ನಮ್ಮನ್ನು ಕೇಳಿದರು. ನಾನು ಹುಡುಕಿದೆ. ಲೆಕ್ಕವೆಲ್ಲ ಉಳಿಯುವ ಸಂಗ್ರಹದಲ್ಲಿ ಆ ಸೊನ್ನೆ ಇರಲಿಲ್ಲ. ನಮೂದು ತೆಗೆದುಕೊಳ್ಳುವ ಕಂಟೇನರಿನ ಲಾಗು ತೆರೆದರೆ ಅದು ಶುರುವಾಗಿದ್ದೇ ಆ ದಿನ ಒಂಬತ್ತೂಕಾಲಿಗೆ. ಅದಕ್ಕೂ ಮುಂಚಿನದು ಸತ್ತು, ಗುಡಿಸಿ ಹೋಗಿತ್ತು. ‘ಆ ದಿನ ಆ ಆಸ್ಪತ್ರೆಯಿಂದ ಯಾವ ನಮೂದೂ ಬಂದಿಲ್ಲ’ ಎಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕಳಿಸಿದೆ. ಒಂದು ವಾರದೊಳಗೆ ನರ್ಸನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಶುರುಮಾಡಿದರೆಂದು ತಿಳಿಯಿತು.

ಆಪರೇಟರಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತರು.

“‘ಬಂದಿಲ್ಲ’ ಅಂತ ಬರೆದ್ಯಾ, ‘ಕಾಣ್ತಾ ಇಲ್ಲ’ ಅಂತ ಬರೆದ್ಯಾ?”

“ಎರಡೂ ಒಂದ ಅಲ್ಲೇನ್ರಿ?”

“ಅಲ್ಲ. ಎಕ್ಸ್‌ಚೇಂಜಲ್ಲಿ ‘ಫೋನ್ ಬಂದಿಲ್ಲ’ ಅಂತ ಬರೆದ್ರೆ ಆಚೆಯವ ಸುಳ್ಳು ಹೇಳ್ದ ಅಂತ ಅರ್ಥ. ‘ನಂಗೆ ಕೇಳಿಸಲಿಲ್ಲ’ ಅಂದ್ರೆ ಬೇರೆ.” ಆಮೇಲೆ ತಮ್ಮಷ್ಟಕ್ಕೇ ಮನೆಮಾತಿನಲ್ಲಿ, “ಇದು ಎಂತೋ ಸರಿ ಇಲ್ಲೆ,” ಎಂದರು.

ಆ ಮಾತು ನನಗೆ ನಾಟಿತು. ಆದರೆ ಹೋದ ಲಾಗನ್ನು ಎಲ್ಲಿಂದ ತರುವುದು? ಅವರು ಕುರ್ಚಿ ಎಳೆದುಕೊಂಡು ಕೂತು, ಯಲ್ಲಾಪುರದಲ್ಲಿ ಒತ್ತಿದ ಸೊನ್ನೆ ನಮ್ಮ ಪರದೆಗೆ ಯಾವ ದಾರಿಯಲ್ಲಿ ಬರುತ್ತದೆಂದು ಬಿಡಿಸಿ ತೋರಿಸಲು ಹೇಳಿದರು. ಹಳೇ ಕ್ಯಾಲೆಂಡರಿನ ಬೆನ್ನಮೇಲೆ ಬರೆದೆ. ಮೊಬೈಲು, ಅಲ್ಲಿಂದ ನಮ್ಮ ಯಂತ್ರದ ಬಾಗಿಲು ಕಾಯುವ ಪ್ರೋಗ್ರಾಂ, ಅಲ್ಲಿಂದ ನಮೂದಿನ ಕಂಟೇನರ್, ಅಲ್ಲಿಂದ ಸಂಗ್ರಹ.

“ಬಾಗಿಲಲ್ಲಿ ಕೂತವ ಬಂದವರನ್ನ ಬರೆದುಕೊಳ್ಳೋದಿಲ್ವಾ?”

“ಬರಕೋತಾನ್ರಿ. ಅವ ಕಂಟೇನರಿನ್ಯಾಗ ಇಲ್ಲ, ಹೊರಗ ಅದಾನ. ಒಂದು ತಿಂಗಳ ತನಕಾ ಇಟ್ಟಿರ್ತಾನ. ನಾ ನೋಡೀನಿ. ಆವತ್ತು ಒಂಬತ್ತಕ್ಕ ಯಲ್ಲಾಪುರದಿಂದ ಏನೂ ಇಲ್ಲ.”

“ಯಾರ ಗಡಿಯಾರದ ಒಂಬತ್ತು?”

ಬಾಗಿಲಿನ ಪ್ರೋಗ್ರಾಮನ್ನು ಕೂರಿಸಿದವರು ನನಗಿಂತ ಮೊದಲು ಇದ್ದವರು. ಪಾಳಿ ಬದಲಾದ ಕೂಡಲೇ ಶಿರಸಿಗೂ ಯಲ್ಲಾಪುರಕ್ಕೂ ಗಡಿಯಾರ ಹೊಂದಿಸಿಕೊಳ್ಳುವುದೇ ತಮಗೆ ಮೊದಲ ಕೆಲಸವಾಗಿತ್ತು ಎಂದು ಆಪರೇಟರಮ್ಮ ಹೇಳುತ್ತಿದ್ದರು. ನಾನು ಆಗಲೇ ಸಾಲುಗಳನ್ನು ಹಿಂದಕ್ಕೆ ಓಡಿಸುತ್ತಿದ್ದೆ. ಬಾಗಿಲಿನ ಪ್ರೋಗ್ರಾಮಿನದು ನಮ್ಮ ದೇಶದ ವೇಳೆಯಲ್ಲ. ನಮಗಿಂತ ಐದೂವರೆ ತಾಸು ಹಿಂದಿನ ಲಂಡನ್ ಕಡೆಯ ವೇಳೆಯಲ್ಲಿ ಬರೆಯುತ್ತಿತ್ತು. ಒಂಬತ್ತಕ್ಕಲ್ಲ, ಮೂರೂವರೆಗೆ ನೋಡಬೇಕಿತ್ತು. ನೋಡಿದೆ. ಮೂರು ಗಂಟೆ ನಲವತ್ತು ನಿಮಿಷ. ಆ ಆಸ್ಪತ್ರೆಯ ಗುರುತು. ಒಂದು ನಮೂದು ಒಳಗೆ ಹೋಗಿದೆ, ‘ಸ್ವೀಕರಿಸಿದೆ’ ಎಂಬ ಉತ್ತರ ವಾಪಸು ಹೋಗಿದೆ. ನಮ್ಮ ಗಡಿಯಾರದಲ್ಲಿ ಒಂಬತ್ತು ಹತ್ತು.

ಆ ಸಾಲಿನ ಮೇಲೆ ಆಪರೇಟರಮ್ಮ ಬೆರಳಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ. ಇನ್ನು ನಾಲ್ಕು ದಿನ ಕಳೆದಿದ್ದರೆ ಅದೂ ಅಳಿಸಿಹೋಗುತ್ತಿತ್ತು.

ಉಳಿದದ್ದು ಬೇಗ ಗೊತ್ತಾಯಿತು. ನನ್ನ ಪ್ರೋಗ್ರಾಂ ನಮೂದು ಬಂದ ಕೂಡಲೇ ‘ಸರಿ’ ಎಂದುಬಿಡುತ್ತಿತ್ತು. ಆದರೆ ಸಂಗ್ರಹಕ್ಕೆ ಬರೆಯುತ್ತಿದ್ದುದು ಕೆಲವು ನಿಮಿಷಕ್ಕೊಮ್ಮೆ, ಒಟ್ಟಾಗಿ. ಆ ನಡುವೆ ಯಂತ್ರದ ಮೆಮೊರಿ ಸಾಲದೆ ಅದು ಸತ್ತಿತ್ತು. ಯಂತ್ರವೇ ಅದನ್ನು ಕೊಂದ ಗುರುತು ಯಂತ್ರದ ಮೂಲ ದಾಖಲೆಯಲ್ಲಿತ್ತು. ಒಂಬತ್ತು ಹನ್ನೊಂದಕ್ಕೆ. ನರ್ಸಿನ ಸೊನ್ನೆ ಅದರ ಜೊತೆಗೇ ಹೋಗಿತ್ತು. ತಪ್ಪು ಆಕೆಯದಲ್ಲ, ನನ್ನದು.

ಸಂಸ್ಥೆಗೆ ಅವತ್ತೇ ಬರೆದೆ. ನರ್ಸಿಗೂ ಒಂದು ಪ್ರತಿ ಅಂಚೆಗೆ ಹಾಕೋಣ ಎಂದಾಗ ಆಪರೇಟರಮ್ಮ ಬ್ಯಾಗು ಹೆಗಲಿಗೇರಿಸಿದರು. “ಅಂಚೆ ಬೇಡ. ನಡಿ, ಆನೂ ಬತ್ತೆ.”

ಯಲ್ಲಾಪುರದ ಬಸ್ಸಿನಲ್ಲಿ ದಾರಿಯುದ್ದ ಕಂಡಕ್ಟರನನ್ನು ಮಾತಾಡಿಸಿದರು. ಟಿಕೆಟಿನ ಯಂತ್ರ ನಡುದಾರಿಯಲ್ಲಿ ಕೆಟ್ಟರೆ ಅಲ್ಲಿಯವರೆಗಿನ ಟಿಕೆಟಿನ ದಾಖಲೆ ಎಲ್ಲಿರುತ್ತದೆ? ಅವನಿಗೂ ಗೊತ್ತಿರಲಿಲ್ಲ. “ಕೇಳಿ ಇಡ್ತೆ ಅಮ್ಮಾ,” ಎಂದು ಅವನು ಒಪ್ಪಿಕೊಳ್ಳುವವರೆಗೆ ಬಿಡಲಿಲ್ಲ. ನರ್ಸಿನ ಮನೆಯ ಗೇಟಿನ ಹತ್ತಿರ ಮಾತ್ರ ನಿಂತುಬಿಟ್ಟರು. “ನೀನೇ ಹೋಗು. ಬರೆದವಳು ನೀನು.”

ನಾನು ಒಬ್ಬಳೇ ಒಳಗೆ ಹೋದೆ. ಆಕೆ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಕಾಗದ ಕೊಟ್ಟು, “ಹಿಂದ ನಾ ಬರದ ಕೊಟ್ಟಿದ್ದು ತಪ್ಪ್ರಿ. ನಿಮ್ಮ ನಮೂದು ಬಂದಿತ್ತು. ಕಳದಾಕಿ ನಾನು,” ಎಂದೆ. ಎರಡು ಸಲ ಓದಿದಳು. ಬೈಯುತ್ತಾಳೆಂದು ಕಾದೆ. “ಆ ಹೆಂಗಸಿಗೆ ಈಗ ನಡೀಲಿಕ್ಕೆ ಆಗ್ತದಾ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ನಾನು ಹುಡುಕಿದ್ದು ಸಾಲುಗಳನ್ನು ಮಾತ್ರ.

ವಾಪಸು ಬರುವಾಗ ಇಬ್ಬರೂ ಮಂಚಿಕೇರಿಯಲ್ಲಿ ಇಳಿದೆವು. ಆ ಹೆಂಗಸು ಜಗುಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಪ್ಪು ನಮ್ಮ ಕಡೆಯದು ಎಂದು ಹೇಳಿದೆ. ಅವಳಿಗೆ ಪ್ರೋಗ್ರಾಮಿನ ವಿಷಯ ಬೇಕಿರಲಿಲ್ಲ. “ಇನ್ನೊಬ್ರಿಗೆ ಹೀಂಗೆ ಆಗೂದಿಲ್ಲ ಅಲ್ಲ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಆಪರೇಟರಮ್ಮ, “ಈಗ ಹೇಳ್ಲಿಕ್ಕೆ ಬರೂದಿಲ್ಲ. ಮಾಡಿ ಆಮೇಲೆ ಹೇಳ್ತೇವೆ,” ಎಂದರು.

ಮಾಡಲು ಒಂದೂವರೆ ತಿಂಗಳು ಹಿಡಿಯಿತು. ನಮೂದು ಸಂಗ್ರಹಕ್ಕೆ ಸೇರಿದ ಮೇಲೆಯೇ ಹಸಿರು ಗುರುತು ಹೋಗುವಂತೆ ಮೊದಲು ತಿದ್ದಿದೆ. ಆಮೇಲೆ ಲಾಗುಗಳು. ಪ್ರತಿ ಕಂಟೇನರೂ ತಾನು ಮಾಡಿದ್ದನ್ನು ತನ್ನೊಳಗೆ ಇಟ್ಟುಕೊಳ್ಳದೆ ಹೊರಗೆ ಹೇಳಬೇಕು. ಅದನ್ನು ಆಗಿಂದಾಗಲೇ ಎತ್ತಿಕೊಂಡು ಬೇರೆ ಊರಿನಲ್ಲಿರುವ ಇನ್ನೊಂದು ಯಂತ್ರಕ್ಕೆ ಸಾಗಿಸುವ ಪುಟ್ಟ ಪ್ರೋಗ್ರಾಂ ಒಂದು ಪಕ್ಕದಲ್ಲಿರಬೇಕು. ಎಲ್ಲದಕ್ಕೂ ಒಂದೇ ವೇಳೆ. ಒಂದು ನಮೂದಿಗೆ ಒಂದು ಸಂಖ್ಯೆ ಕೊಟ್ಟರೆ ಬಾಗಿಲಿನಿಂದ ಸಂಗ್ರಹದವರೆಗೂ ಅದೇ ಸಂಖ್ಯೆ ಜೊತೆಗೆ ಹೋಗಬೇಕು. ಇವೆಲ್ಲ ಪುಸ್ತಕದಲ್ಲಿ ಇರುವುದೇ, ನಾನು ಓದಿದ್ದೆ ಕೂಡ. ಬೇಕೆನಿಸಿರಲಿಲ್ಲ ಅಷ್ಟೆ.

ಒಂದು ಮಾತ್ರ ಆಪರೇಟರಮ್ಮನಿಂದಲೇ ಕಲಿತದ್ದು. ಹುರುಪಿನಲ್ಲಿ ನಾನು ಕಂಡದ್ದೆಲ್ಲ ಲಾಗಿಗೆ ಬರೆಸಲು ಹೊರಟಿದ್ದೆ, ರೋಗಿಯ ಹೆಸರು, ಫೋನ್ ನಂಬರು ಸಹಿತ. ಅವರು ಪರದೆ ನೋಡಿ ಮುಖ ಗಂಟಿಕ್ಕಿದರು. “ಯಾರು ಯಾರಿಗೆ ಎಷ್ಟೊತ್ತು ಮಾತಾಡಿದ್ರು ಅಂತ ಬರೀತಿದ್ವಿ ತಂಗಿ. ಎಂತ ಮಾತಾಡಿದ್ರು ಅಂತ ಬರೀತಿರ್ಲಿಲ್ಲ.” “ಕೇಳ್ತಿದ್ವಿ ಹೌದು. ಬರೀತಿರ್ಲಿಲ್ಲ,” ಎಂದು ಸೇರಿಸಿದರು. ಹೆಸರು, ನಂಬರುಗಳನ್ನು ಅಳಿಸಿದೆ.

ಕೆಲಸ ಮುಗಿದ ದಿನ ಅವರು ತಾವೇ ನಮೂದಿನ ಕಂಟೇನರನ್ನು ಕೊಲ್ಲಬೇಕೆಂದು ಹಟ ಹಿಡಿದರು. ಪರೀಕ್ಷೆಯ ಯಂತ್ರದಲ್ಲಿ ಕಮಾಂಡು ಬರೆದುಕೊಟ್ಟೆ, ಒಂದು ಬೆರಳಿನಿಂದ ಒತ್ತಿದರು. ಅದು ಸತ್ತಿತು, ಗುಡಿಸಿಹೋಯಿತು. ದೂರದ ಯಂತ್ರದಲ್ಲಿ ಅದರ ಕೊನೆಯ ಸಾಲಿನವರೆಗೂ ಇತ್ತು. ಅವರು ಅದನ್ನು ಅಕ್ಷರ ಕೂಡಿಸಿ ಓದಿ, ಮಂಚಿಕೇರಿಗೆ ಫೋನು ಹಚ್ಚಿದರು. “ಆಗೂದಿಲ್ಲ ಅಂತ ಹೇಳೂದಿಲ್ಲ. ಆದ್ರೆ ಹೀಂಗೇನಾದ್ರೂ ಆದ್ರೆ ಗೊತ್ತಾಗ್ತದೆ,” ಎಂದರು.

ಎರಡು ವರ್ಷ ಹೀಗೆ ಜೊತೆಗಿದ್ದರು. ಹೋದ ಬೇಸಿಗೆಯಲ್ಲಿ ಉಸಿರಾಟದ ತೊಂದರೆಯಾಗಿ ರಜೆ ಹಾಕಿದವರು ಮತ್ತೆ ಬರಲಿಲ್ಲ. ಸಿದ್ದಾಪುರದಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರು.

ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಬಂದು ಕೂತವಳು ಯಲ್ಲಾಪುರದ ನರ್ಸು. ಆಶ್ಚರ್ಯವಾಯಿತು. ಅವತ್ತು ಆಪರೇಟರಮ್ಮ ಗೇಟಿನಿಂದ ಒಳಗೆ ಬಂದಿರಲಿಲ್ಲವಲ್ಲ.

“ನಿಮಗ ಇವರ ಗುರ್ತು ಇತ್ತೇನ್ರಿ?” ಎಂದೆ.

“ಮುಖ ನೋಡ್ಲೇ ಇಲ್ಲ,” ಎಂದಳು. “ನೀವು ಮೊದಲ್ನೇ ಕಾಗದ ಬರೆದ್ರಲ್ಲ, ಆಸ್ಪತ್ರೆಯವರು ನನ್ನನ್ನ ಕೆಲಸದಿಂದ ಮನೆಗೆ ಕಳಿಸಿದ್ರಲ್ಲ, ಅದರ ಮಾರನೇ ದಿನದಿಂದ ದಿನಾ ಮಧ್ಯಾಹ್ನ ಫೋನ್ ಮಾಡ್ತಿದ್ರು. ‘ಹುಡುಕ್ತಾ ಇದ್ದೇವೆ, ಊಟ ಮಾಡಿದ್ಯಾ?’ ಅಷ್ಟೇ.”

ಅನ್ನ ಬಡಿಸಿಕೊಂಡು ಹೋದರು. ಆಕೆ ಕೈ ಹಾಕಲಿಲ್ಲ.

“ನಮ್ಮ ಮನೆಯವರೂ ಕೇಳಿದ್ರು, ಡಾಕ್ಟ್ರೂ ಕೇಳಿದ್ರು. ನೀನು ನಿಜವಾಗ್ಲೂ ಒತ್ತಿದ್ಯಾ ಅಂತ. ಅವರೊಬ್ರು ಒಂದು ದಿನವೂ ಕೇಳಲಿಲ್ಲ.”