ನೋಡದೇ ಒಪ್ಪಿದ ಗಿರಾಕಿ

ಪಿನ್‌ನ ಮೂರು ಅಂಕಿ ಒತ್ತಿಯಾಗಿತ್ತು. ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದ ನನ್ನ ಹೊಲಿಗೆ ಮೆಷಿನ್ನಿಗೆ ಹೇಳಿದಷ್ಟೇ ಬೆಲೆ ಒಪ್ಪಿದವನು, ಪಿನ್ ಹಾಕಿದರೆ ಹಣ ಬರುತ್ತದೆಂದು ಫೋನಿನಲ್ಲಿ ಅವಸರ ಮಾಡುತ್ತಿದ್ದ. ಪಕ್ಕದಲ್ಲಿ ಕಾಳುಮೆಣಸು ಆರಿಸುತ್ತಿದ್ದ ಅತ್ತೆ ನನ್ನ ಕೈ ಹಿಡಿದರು.

“ತಡಿ ಮಾರಾಯ್ತಿ! ಮೆಣಸು ಕೊಳ್ಳೋಕೆ ಬಂದೋರು ಮುಷ್ಟಿ ತುಂಬ ಹಿಡಿದು, ಕಚ್ಚಿ ನೋಡಿ, ಜಗಳ ಆಡಿ ಬೆಲೆ ಹೇಳ್ತಾರೆ. ಇವ ನೋಡದೇ ಒಪ್ಪಿದ್ನಾ?”

“ನಮ್ಮೂರು ಕಳಸಕ್ಕೆ ಬಂದು ಒಂದು ಹೊಲಿಗೆ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ,” ಎಂದು ಫೋನಿನಲ್ಲಿದ್ದವನಿಗೆ ಹೇಳಿದೆ. ಆತ ಬೈದು ಫೋನಿಟ್ಟ. ಹಣ ಬರಲು ಪಿನ್ನೇ ಬೇಡ, ಪಿನ್ ಒತ್ತಿದರೆ ನಮ್ಮ ಹಣವೇ ಹೋಗುತ್ತದೆ ಎಂದು ಆಮೇಲೆ ಬ್ಯಾಂಕಿನವರು ಹೇಳಿದರು. ಮಗಳ ಕಾಲೇಜು ಫೀಸು ಆ ಖಾತೆಯಲ್ಲೇ ಇತ್ತು.

ದೇವರು ದೊಡ್ಡವನು, ಫೀಸು ಉಳಿಯಿತು. ಅದೇ ಮೆಷಿನ್ನಿನಲ್ಲಿ ಅತ್ತೆಗೊಂದು ರವಿಕೆ ಹೊಲಿದುಕೊಟ್ಟೆ. ತೋಳು ಬಿಗಿಯೆಂದು ಬೈಯುತ್ತಲೇ ಸೋಮವಾರ ದೇವಸ್ಥಾನಕ್ಕೆ ಅದನ್ನೇ ತೊಟ್ಟು ಬಂದರು.