ಮಡಿ ಸೀರಿ ಇಲ್ಲದ ಕರ್ನಲ್

ಶೈಲಶ್ರೀ ನನ್ನ ಗಂಡನ ಅಣ್ಣನ ಹೆಂಡತಿ. ನರಗುಂದದ ಒಂದು ಕಾಲೇಜಿನ್ಯಾಗ ಕಂಪ್ಯೂಟರ್ ಕಲಸ್ತಾಳ. ತಲಿಯೊಳಗ ಒಂದು ಹುಳ ಹೊಕ್ಕತು ಅಂದ್ರ ಊಟ, ನಿದ್ದಿ ಎಲ್ಲಾ ಬಿಟ್ಟಂಗ. ಲ್ಯಾಬಿನ ಹಳೇ ಮಷೀನೆಲ್ಲಾ ಸೋಮವಾರ ಗುಜರಿಗೆ ಹೋಗೋವು. "ಒಂದನ್ನ ಬಿಡ್ರಿ, ನಾನ ಬರದ ಕರ್ನಲ್ ಅದರ ಮ್ಯಾಲ ನಡಸಿ ಹುಡುಗ್ರಿಗೆ ತೋರಸ್ತೀನಿ" ಅಂತ ಬೇಡಿ ಮನಿಗೆ ತಂದಿದ್ಲು. "ಸೋಮವಾರದೊಳಗ ನಡದ್ರ ಇಟಗೊಳ್ರಿ" ಅಂದಿದ್ರು ಪ್ರಿನ್ಸಿಪಾಲರು. ರವಿವಾರ ಬಂತು, ಅದು ನಡೀವಲ್ದು. ಚಾಲೂ ಆಗೂದು, ಗಪ್ಪನ ಆರೂದು, ಮತ್ತ ತಾನ ಚಾಲೂ ಆಗೂದು.

"ಕರ್ನಲ್ ಅಂದ್ರ ಏನಕ್ಕಾ?" ಅಂತ ಕೇಳಿದೆ.

"ಮಷೀನಿನ ಯಜಮಾನತಿ ಪ್ರೋಗ್ರಾಮು. ಮೆಮೊರಿ ಭಾಗ ಮಾಡಿ, ಯಾವುದಕ್ಕ ಯಾರು ಕೈ ಹಚ್ಚಬೇಕು ಅಂತ ಪ್ರೊಸೆಸರಿಗೆ ಹೇಳಿಟ್ಟಿರತದ. ತಾನು ಸೊನ್ನೆ ದರ್ಜೆ, ಎಲ್ಲಾ ಹಕ್ಕು ಅದರದ್ದು. ಉಳದ ಪ್ರೋಗ್ರಾಮು ಮೂರನೇ ದರ್ಜೆ. ಏನರ ಬೇಕಾದ್ರ ಬಾಗಲದಾಗ ನಿಂತು ಕೇಳಬೇಕು."

"ಥೇಟ್ ನಮ್ಮ ಅತ್ತ್ಯಾರ ಅಡಗಿಮನಿ!" ಅಂದೆ.

ಅತ್ತಿ ರಮಾಬಾಯಿಯವರದು ಅಂಥಾ ಮಡಿ. ಹೊರಗಿನ ಸೀರಿ ಬಿಟ್ಟು, ಮ್ಯಾಲ ಕಟ್ಟಿದ ಬಿದಿರಿನ ಗಳದ ಮ್ಯಾಲ ಒಣಹಾಕಿದ ಮಡಿ ಸೀರಿ ಉಟಗೊಂಡ ಒಳಗ ಹೋಗಬೇಕು. ಆ ರವಿವಾರ ಇದ್ದಲಿ ಶೆಗಡಿ ಮ್ಯಾಲ ಹಾಲಿಟ್ಟಾಗ ಬಾಜೂ ಮನಿ ರೇಣುಕವ್ವ ಕರದ್ಲು. ಅತ್ತಿ ಹೋಗಿ, ಆಕಿನ್ನ ಮುಟ್ಟಿಸಿಕೊಂಡು ಮಡಿ ಕೆಡಸಿಕೊಂಡು ಬಂದ್ರು. ಗಳದ ಮ್ಯಾಲ ನೋಡಿದ್ರ ಸೀರಿನ ಇಲ್ಲ, ಒಗದದ್ದು ಹಿತ್ತಲದಾಗ ಇನ್ನೂ ಹಸೀ ಇತ್ತು. ಹಾಲು ಉಕ್ಕಲಿಕ್ಹತ್ತು. ತಾವೂ ಹೋಗವಲ್ರು, "ನೀ ಒಳಗ ಕಾಲಿಟ್ಟೀ ನೋಡು!" ಅಂತ ನನ್ನನ್ನೂ ಬಿಡವಲ್ರು. ಹಾಲೂ ಹೋತು, ಶೆಗಡಿನೂ ಆರ್ತು. ಒಂದು ಸೀರಿ ಸಲುವಾಗಿ! ನನಗ ಮೈಯೆಲ್ಲಾ ಉರೀತು.

ಶೈಲಶ್ರೀ ಮಾತ್ರ ಗಳಾನ ನೋಡಕೋತ ನಿಂತಿದ್ಲು.

"ಖಾಲಿ ಅದ!" ಅಂದವಳ ಮಷೀನಿನ ಹತ್ರ ಓಡಿದ್ಲು. ನಾನೂ ಓಡಿದೆ.

"ಗೌತಮೀ, ಹೊರಗಿನ ಪ್ರೋಗ್ರಾಮು ಕರದಾಗ ಪ್ರೊಸೆಸರ್ ಅದರ ಸ್ಟ್ಯಾಕ್ ಬಿಟ್ಟು ಕರ್ನಲ್‌ದು ಹಿಡೀಬೇಕು. ಸ್ಟ್ಯಾಕ್ ಅಂದ್ರ ನಡುವಿನ ಕೆಲಸ ಇಟಗೊಳ್ಳೋ ಜಾಗಾ. ಒಳಗಿನ ಸ್ಟ್ಯಾಕ್ ಎಲ್ಲಿ ಅದ ಅಂತ ನಾ ಬರದೇ ಇಲ್ಲ, ಗಳದ ಮ್ಯಾಲ ಸೀರಿ ಇಲ್ಲದಂಗ! ಅದಕ್ಕ ಮಷೀನು ಆರತದ."

ಬರದ್ಲು. ಚಾಲೂ ಮಾಡಿದ್ಲು. ಆರಲಿಲ್ಲ. ಆಮ್ಯಾಲ ಬೇಕಂತನ ಒಂದು ಪ್ರೋಗ್ರಾಮಿನಿಂದ ಕರ್ನಲ್‌ನ ಮೆಮೊರಿಗೆ ಕೈ ಹಾಕಿಸಿದ್ಲು. ಪ್ರೊಸೆಸರ್ ತಡೀತು. ಕರ್ನಲ್ ಆ ಪ್ರೋಗ್ರಾಮನ್ನಷ್ಟ ಹೊರಗ ಹಾಕ್ತು, ಮಷೀನು ಗಟ್ಟಿಯಾಗಿ ನಿಂತಿತ್ತು.

ಸೋಮವಾರ ಶೈಲಶ್ರೀ ಮಷೀನು ತಗೊಂಡು ಕಾಲೇಜಿಗೆ ಹೊಂಟ್ಲು, ನಾನೂ ಬೆನ್ನಹತ್ತಿ ಹೋದೆ. ಗುಜರಿ ಒಯ್ಯೋ ಮುನಾವರ ಹಳೇವೆಲ್ಲಾ ಹೇರಿಕೊಂಡು ಕಡೀಕ ನಮ್ಮ ಮಷೀನಿಗೆ ಕೈ ಹಚ್ಚಿದ. ಶೈಲಶ್ರೀ ಅಡ್ಡ ನಿಂತ್ಲು.

"ಅದನ್ನ ಬಿಡ್ರಿ. ಅದು ನಡೀತದ," ಅಂದ್ಲು. ಖರೇ ಹೇಳ್ತೀನಿ, ನನಗ ಅಳು ಬಂತು.