ಹುಲ್ಲಿನ ದುಡ್ಡು

ಚೌಕಾಸಿ ಮಾಡದೆ ಕೊಂಡುಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಕಾರಣ ಸರಳ, ನನಗೆ ಚೌಕಾಸಿ ಬರುವುದಿಲ್ಲ. ಪಾಂಡವಪುರದ ಸಂತೆಯಲ್ಲಿ ಸೊಪ್ಪಿನವಳು ಕಟ್ಟಿಗೆ ಇಪ್ಪತ್ತು ಎಂದರೆ ಇಪ್ಪತ್ತು ಕೊಟ್ಟು, ಇಪ್ಪತ್ತೈದು ಅನ್ನಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ಬರುವ ಪೈಕಿ ನಾನು. ನನ್ನ ಹೆಂಡತಿ ಸಾವಿತ್ರಿ ಅದೇ ಸೊಪ್ಪನ್ನು ಹನ್ನೆರಡಕ್ಕೆ ತಂದು, ಮೇಲೆ ಎರಡು ಕಡ್ಡಿ ಕರಿಬೇವನ್ನೂ ಹಾಕಿಸಿಕೊಂಡು ಬರುತ್ತಾಳೆ. ಹಾಗಿರುವಾಗ ಮನೆಯ ಹಾಲು ಕರೆಯುವ ಮಿಷನ್ನನ್ನು ಮಾರುವ ಕೆಲಸ ನನ್ನ ಪಾಲಿಗೆ ಬಂತೆಂದರೆ, ಅದಕ್ಕೆ ನನ್ನ ಕೈಯಲ್ಲಿದ್ದ ಫೋನೇ ಹೊಣೆ.

ಮಿಷನ್ನು ಸಾವಿತ್ರಿಯದು. ನಾನು ಶ್ರೀರಂಗಪಟ್ಟಣದ ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಅಷ್ಟೂ ವರ್ಷ ಅವಳು ಮನೆಯಲ್ಲಿ ಹಸು ಸಾಕಿ ಡೇರಿಗೆ ಹಾಲು ಹಾಕಿದಳು. ಹಾಲಿನ ದುಡ್ಡಿನಲ್ಲೇ ಮಿಷನ್ನು ತಂದಳು. ಈಗ ಮಂಡಿ ನೋವು. ಹಸುಗಳು ಅವಳ ತಮ್ಮನ ಕೊಟ್ಟಿಗೆ ಸೇರಿದವು. ಮಿಷನ್ನು ಮಾರಿ ಬಂದ ದುಡ್ಡಿಗೆ ಒಂದು ಹೊಲಿಗೆ ಯಂತ್ರ ಕೊಳ್ಳಬೇಕು, ಪೆಡಲಿನದಲ್ಲ, ಮೋಟಾರಿನದು, ಕುರ್ಚಿಯಲ್ಲಿ ಕೂತು ಊರವರ ರವಿಕೆ ಹೊಲಿಯಬೇಕು ಎಂಬುದು ಅವಳ ಆಸೆ. ಹಾಲಿನಲ್ಲಿ ಉಳಿಸಿದ ದುಡ್ಡೆಲ್ಲ ನಮ್ಮಿಬ್ಬರ ಹೆಸರಿನ ಖಾತೆಯಲ್ಲಿತ್ತು. ಖಾತೆ ನನ್ನ ಫೋನಿನಲ್ಲಿತ್ತು. ಫೋನು, ಹೇಳಿದೆನಲ್ಲ, ಚೌಕಾಸಿ ಬಾರದವನ ಜೇಬಿನಲ್ಲಿತ್ತು.

ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಫೋಟೋ ಹಾಕಿ ಇಪ್ಪತ್ತು ಸಾವಿರ ಎಂದು ಬರೆದೆ. ಅರ್ಧ ಗಂಟೆಯಲ್ಲಿ ಫೋನು ಬಂತು. ಕೊಳ್ಳುವವನೊಬ್ಬ, ನಾಗಮಂಗಲದ ಹತ್ತಿರ ಡೈರಿ ಫಾರಂ ಮಾಡಿದ್ದಾನಂತೆ. ಆ ಕಡೆಯವರು ನನ್ನನ್ನು ಕ್ಷಮಿಸಬೇಕು, ಹಾಗೆಂದವನು ಅವನೇ. ಎಂಥ ವಿನಯ! "ಸರ್, ನಿಮ್ಮ ರೇಟೇ ನಮ್ಮ ರೇಟು. ನೀವು ದೊಡ್ಡವರು, ನಿಮ್ಮ ಹತ್ರ ಮಾತಾಡೋದೇನಿದೆ? ಈಗ್ಲೇ ದುಡ್ಡು ಹಾಕ್ತೀನಿ, ನಾಳೆ ಗಾಡಿ ಕಳಿಸ್ತೀನಿ" ಎಂದ. ನನ್ನ ಗೌರವ ಉಕ್ಕಿತು. ಆಮೇಲೆ ಅವನು, "ಖಾತೆ ಸರಿ ಇದೆಯಾ ನೋಡ್ಬೇಕು, ಮೊದಲು ನೀವೊಂದು ಹತ್ತು ರೂಪಾಯಿ ಹಾಕಿ ಸರ್" ಎಂದ.

ಇಲ್ಲಿ ನಿಮಗೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಮನೆಯಲ್ಲಿ ಹಸು ಮಾರಿದರೆ, ಬಂದ ಹಣದಲ್ಲಿ ಒಂದಿಷ್ಟನ್ನು ಕೊಂಡವನಿಗೇ ವಾಪಸು ಕೊಡುತ್ತಿದ್ದರು. ಹುಲ್ಲಿಗೆ, ಅಂತ. ಹಸು ಹೊಸ ಕೊಟ್ಟಿಗೆಯಲ್ಲಿ ಮೊದಲ ದಿನ ಉಪವಾಸ ನಿಲ್ಲಬಾರದಲ್ಲ. ನಮ್ಮಪ್ಪ ದಲ್ಲಾಳಿಯ ಟವೆಲ್ಲಿನ ಕೆಳಗೆ ಕೈ ತೂರಿಸಿ, ಬೆರಳು ಹಿಡಿದೇ ಲೆಕ್ಕ ಹೇಳಿ, ಬೆವರು ಹರಿಸಿ ಬೆಲೆ ಏರಿಸುತ್ತಿದ್ದ. ನೋಡುವವರಿಗೆ ಟವೆಲ್ಲು ಅಲುಗಾಡುವುದು ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಅಷ್ಟು ಹಟ ಮಾಡಿದ ಮನುಷ್ಯ ದುಡ್ಡು ಕೈಗೆ ಬಂದ ಮೇಲೆ ನಗುನಗುತ್ತ ಹುಲ್ಲಿನ ದುಡ್ಡು ತೆಗೆದು ಕೊಡುತ್ತಿದ್ದ. ಚಿಕ್ಕಂದಿನಲ್ಲಿ ನನಗದು ದೊಡ್ಡ ಒಗಟು. ಬೆಲೆಗಾಗಿ ಹೊಡೆದಾಡಿದವನೂ ಇವನೇ, ಬಿಟ್ಟುಕೊಟ್ಟವನೂ ಇವನೇ.

ಹತ್ತು ರೂಪಾಯಿ ಎಂದೊಡನೆ ನನಗೆ ಅಪ್ಪ ನೆನಪಾದ. ಆಹಾ, ಈ ಕಾಲದಲ್ಲೂ ಹುಲ್ಲಿನ ದುಡ್ಡು ಕೇಳುವವನಿದ್ದಾನೆ, ಮನೆತನಸ್ಥನೇ ಇರಬೇಕು ಎಂದುಕೊಂಡೆ. ಬೇರೆ ಊರಿನ ಯಾವನಾದರೂ ಇದೇಕೆ ಎಂದು ಕೇಳುತ್ತಿದ್ದ. ನಾನು ಕೃತಜ್ಞತೆಯಿಂದ ಕಳಿಸಿದೆ. ತಕ್ಷಣ ಇಪ್ಪತ್ತು ರೂಪಾಯಿ ವಾಪಸು ಬಂತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಿಂದೆಯೇ ಕಪ್ಪು ಬಿಳಿ ಚುಕ್ಕಿಗಳ ಒಂದು ಕ್ಯೂಆರ್ ಕೋಡು ಬಂತು. "ಸ್ಕ್ಯಾನ್ ಮಾಡಿ, ಪಿನ್ ಹಾಕಿ ಸರ್, ಇಪ್ಪತ್ತು ಸಾವಿರ ಬಂದುಬಿಡುತ್ತೆ." ಸ್ಕ್ಯಾನ್ ಮಾಡಿ, ಸಾವಿತ್ರಿಗೆ ಈ ಸಂಭ್ರಮ ತೋರಿಸಿಯೇ ಪಿನ್ ಒತ್ತೋಣವೆಂದು ಅಡುಗೆಮನೆಗೆ ಹೋದೆ. ಗಂಡಸರ ಜಂಬವೂ ಒಮ್ಮೊಮ್ಮೆ ಮನೆ ಕಾಯುತ್ತದೆ.

ಅವಳು ಎಲ್ಲ ಕೇಳಿ ಸೌಟು ಕೆಳಗಿಟ್ಟಳು. "ಅಲ್ಲಾ ಕಣ್ರೀ, ಅವ್ನು ಮಿಷನ್ನು ನೋಡಿಲ್ಲ, ಎಷ್ಟು ವರ್ಸದ್ದು ಅಂತ ಕೇಳಿಲ್ಲ, ಒಂದ್ರುಪಾಯಿ ಕಮ್ಮಿ ಮಾಡಿ ಅಂದಿಲ್ಲ. ಉಲ್ಲಿನ ದುಡ್ಡು ಮಾತ್ರ ಕೇಳ್ದ್ನಾ? ಉಲ್ಲಿಗೆ ಅಂತ ಕೊಡೋದು ಅಸ ನಮ್ಮ ಗೇಟು ದಾಟಿದ್ ಮೇಲೆ. ಮಿಷನ್ನು ಇನ್ನೂ ಕೊಟ್ಟಿಗೇಲೆ ಕುಂತದೆ." ಆಮೇಲೆ ಪರದೆ ನೋಡಿ ಕೇಳಿದಳು, "ಇಲ್ಲಿ ಪಾವತಿಸಿ ಅಂತ ಬರ್ದೈತಲ್ರೀ. ದುಡ್ಡು ಬರೋದಾದ್ರೆ ಅವ್ನು ಅವ್ನ ಬೀಗ ತೆಗೀಲಿ. ನಮ್ಮ ಬೀಗ ನಾವ್ಯಾಕೆ ತೆಗೀಬೇಕು?"

ನಾನು ಆ ಪರದೆಯನ್ನು ಮುಚ್ಚಿದೆ. ವರ್ಷ ವರ್ಷವೂ ಮಕ್ಕಳನ್ನು ಕೋಟೆಯ ಬಳಿಗೆ ಕರೆದುಕೊಂಡು ಹೋಗಿ, "ಹೊರಗಿನ ಫಿರಂಗಿ ಒಂದರಿಂದಲೇ ಈ ಕೋಟೆ ಬೀಳಲಿಲ್ಲ, ಒಳಗಿನವರೂ ಕೈಕೊಟ್ಟರು ಅನ್ನುತ್ತಾರೆ" ಎಂದು ಕೈಯೆತ್ತಿ ಹೇಳಿದವನು ನಾನು. ಒಳಗಿನವನು ದುಷ್ಟನೇ ಆಗಬೇಕಿಲ್ಲ, ಸ್ವಲ್ಪ ಹೊಗಳಿಕೆಗೆ ಸೋಲುವ ನಿವೃತ್ತ ಮೇಷ್ಟ್ರಾದರೂ ಸಾಕು ಎಂಬುದು ಪಠ್ಯದಲ್ಲಿರಲಿಲ್ಲ. ನಾಲ್ಕು ಅಂಕಿ ಒತ್ತಿದ್ದರೆ ಸಾವಿತ್ರಿಯ ಹಾಲಿನ ದುಡ್ಡಿನಲ್ಲಿ ಇಪ್ಪತ್ತು ಸಾವಿರ ಒಂದೇ ಗುಟುಕಿಗೆ ಹೋಗುತ್ತಿತ್ತು. ಪಿನ್ನು ಬೇಕಾಗುವುದು ದುಡ್ಡು ಕೊಡುವಾಗ, ಬರುವಾಗ ಅಲ್ಲ. ಇಷ್ಟು ಸಣ್ಣ ಪಾಠವನ್ನು ನಾನು ಆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಲಿತೆ.

"ಮನೆಗೆ ಬನ್ನಿ, ನೋಡಿ, ತೊಗೊಂಡು ಹೋಗಿ" ಎಂದು ಅವನಿಗೆ ಫೋನಿನಲ್ಲಿ ಹೇಳಿದೆ. ಆ ವಿನಯದ ಮೂರ್ತಿ ನನ್ನ ವಂಶದ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳನ್ನು ಹೇಳಿ ಫೋನಿಟ್ಟ. ಸೈಬರ್ ಪೊಲೀಸರ ಸಹಾಯವಾಣಿಗೆ ದೂರು ಕೊಟ್ಟೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಬರೆದುಕೊಂಡು, ಎಷ್ಟು ಹೋಯಿತು ಎಂದು ಕೇಳಿದಳು. ಹೋಗಿಲ್ಲಮ್ಮ, ಹತ್ತು ರೂಪಾಯಿ ಜಾಸ್ತಿ ಬಂದಿದೆ ಎಂದೆ. ಆಕೆ ಅದನ್ನೂ ಬರೆದುಕೊಂಡಳು. ಸಾವಿತ್ರಿ ಮಾತ್ರ, "ಕಳ್ಳನ ದುಡ್ಡು ಮನೇಲಿ ಬ್ಯಾಡ ಕಣ್ರೀ, ಯಾವ್ದಾರ ಒಳ್ಳೇದ್ಕೆ ಹಾಕ್ಬುಡಿ" ಎಂದಳು.

ಜಾಹೀರಾತನ್ನು ಅವಳು ಹೇಳಿದಂತೆ ತಿದ್ದಿದೆ. ಮನೆಗೆ ಬರಬೇಕು, ಓಡಿಸಿ ನೋಡಬೇಕು, ಮುಂಗಡ ಬೇಡ, ಕೋಡು ಕಳಿಸಬಾರದು. ಇಷ್ಟು ಒರಟಾಗಿ ಬರೆದರೆ ಯಾರು ಬರುತ್ತಾರೆ ಎಂದುಕೊಂಡೆ. ನಾಲ್ಕನೆಯ ದಿನ ಕೆ.ಆರ್.ಪೇಟೆ ಕಡೆಯ ಶೀಳನೆರೆಯಿಂದ ಲಗೇಜ್ ಆಟೋದಲ್ಲಿ ಅತ್ತೆ ಸೊಸೆ ಇಬ್ಬರು ಬಂದಿಳಿದರು. ಸೊಸೆ ಪವಿತ್ರ ನಾಲ್ಕು ಹಸು ಕಟ್ಟಿದ್ದಾಳೆ. ಇದಕ್ಕೆ ಮೊದಲು ಫೋನಿನಲ್ಲೇ ಇಂಥದೊಂದು ಮಿಷನ್ನು ನೋಡಿ ಐದು ಸಾವಿರ ಮುಂಗಡ ಕಳಿಸಿ ಕಳೆದುಕೊಂಡಿದ್ದಳು. ಪಾಪ, ಕಾಫಿ ಲೋಟವನ್ನೂ ಅನುಮಾನದಿಂದಲೇ ನೋಡಿದಳು. "ನೀವು ಮುಂಗಡ ಬ್ಯಾಡ ಅಂದಿದ್ರಲ್ಲ ಮೇಷ್ಟ್ರೇ, ಅದ್ಕೇ ಧೈರ್ಯ ಮಾಡ್ಬುಟ್ಟು ಬಂದೋ" ಎಂದಳು.

ಅತ್ತೆ ನಿಂಗಮ್ಮನೂ ಸಾವಿತ್ರಿಯೂ ಚೌಕಾಸಿಗೆ ಕೂತರು. ಟವೆಲ್ಲೊಂದು ಇರಲಿಲ್ಲ. ಇಪ್ಪತ್ತು ಸಾವಿರದಿಂದ ಹದಿನೇಳೂವರೆ ಸಾವಿರಕ್ಕೆ ಇಳಿಯುವಷ್ಟರಲ್ಲಿ ಇಬ್ಬರ ಮಂಡಿನೋವು, ತವರು, ಸೊಸೆಯ ಹೆರಿಗೆ ಎಲ್ಲ ಹೊರಬಿದ್ದವು. ಚೌಕಾಸಿ ಎಂದರೆ ದುಡ್ಡಿನ ಮಾತೆಂದು ನಾನು ಇಷ್ಟು ದಿನ ತಪ್ಪು ತಿಳಿದಿದ್ದೆ. ಅದು ಒಬ್ಬರನ್ನೊಬ್ಬರು ನೋಡಿಕೊಳ್ಳಲು ಮಾಡಿಕೊಂಡ ಬಿಡುವು. ಅದನ್ನು ಬಿಟ್ಟು ಓಡುವವನನ್ನು ಕಂಡರೆ ಇನ್ನು ಮೇಲೆ ನನಗೆ ಗೌರವವಿಲ್ಲ.

ಪವಿತ್ರ ಫೋನಿನಲ್ಲಿ ದುಡ್ಡು ಹಾಕಿ ಹಸಿರು ಗುರುತು ತೋರಿಸಿದಳು. ನನ್ನ ಫೋನು ಮೌನ. ಅಂಥ ಗುರುತನ್ನೂ ಸುಳ್ಳುಸುಳ್ಳೇ ತೋರಿಸುವವರಿದ್ದಾರೆಂದು ಕೇಳಿದ್ದೆ. ಆದರೆ ಎದುರು ಕೂತವಳಿಗೆ ಹೇಗೆ ಹೇಳುವುದು? ಅವಳೇ ಹೇಳಿದಳು, "ನಿಮ್ಮ ಖಾತೆ ನೋಡ್ಕಂಡೇ ಕಳ್ಸಿ ಮೇಷ್ಟ್ರೇ. ನಾನಾದ್ರೂ ಅಂಗೇ ಮಾಡ್ತಿದ್ದೆ." ಮಹಡಿ ಹತ್ತಿ, ನೆಟ್‌ವರ್ಕು ಸಿಗುವ ನೀರಿನ ಟ್ಯಾಂಕಿನ ಪಕ್ಕ ನಿಂತು ಖಾತೆ ತೆರೆದೆ. ದುಡ್ಡು ಬಂದಿತ್ತು. ಇಳಿದು ಬಂದು ತಲೆಯಾಡಿಸಿದಾಗ ಸಾವಿತ್ರಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೊಲಿಗೆ ಯಂತ್ರ ಅವಳ ಕಣ್ಣಿಗೆ ಆಗಲೇ ಕಂಡಿರಬೇಕು. ನನಗೂ ಸಂತೋಷ ತಡೆಯಲಾಗಲಿಲ್ಲ.

ಮಿಷನ್ನು ಗೇಟು ದಾಟಿತು. ಆಗ ಸಾವಿತ್ರಿ ಒಳಗಿನಿಂದ ನೂರರ ಒಂದು ನೋಟು, ಹತ್ತರ ಒಂದು ನೋಟು ತಂದು ಪವಿತ್ರಳ ಕೈಗಿಟ್ಟಳು. ಹುಡುಗಿ ಬೆಚ್ಚಿದಳು. "ಯಾಕಮ್ಮ ವಾಪಸ್ ಕೊಡ್ತೀರಾ? ಮಿಷನ್ನಲ್ಲಿ ಏನಾರ ತೊಂದ್ರೆ ಐತಾ?"

ಆಟೋದಲ್ಲಿ ಕೂತಿದ್ದ ನಿಂಗಮ್ಮ ನಕ್ಕಳು. "ಉಲ್ಲಿಗೆ ಕಣೇ, ಈಸ್ಕೊ. ಮಿಷನ್ನು ತಿನ್ನದಿದ್ರೆ ನಿನ್ ಅಸ ತಿಂತವೆ."

"ನೂರು ನಮ್ದು ಕಣವ್ವ" ಎಂದಳು ಸಾವಿತ್ರಿ. "ಹತ್ತು ಇನ್ನೊಬ್ಬಂದು. ಮಿಷನ್ನು ತಕ್ಕತೀನಿ ಅಂದಿದ್ದ, ಪಾಪ, ಬರಕ್ಕಾಗ್ನಿಲ್ಲ."

ಪವಿತ್ರ ಎರಡನ್ನೂ ಕಣ್ಣಿಗೊತ್ತಿಕೊಂಡು ಆಟೋ ಹತ್ತಿದಳು. ಐದು ಸಾವಿರ ಕಳೆದುಕೊಂಡಿದ್ದ ಹುಡುಗಿಗೆ ಕಳ್ಳರ ಕಡೆಯಿಂದ ವಾಪಸು ಬಂದ ಮೊದಲ ಹತ್ತು ರೂಪಾಯಿ ಅದು ಎಂದು ನಾವಿಬ್ಬರೂ ಹೇಳಲಿಲ್ಲ.